ಕೈ ಜೇಬಿನಲ್ಲಿರಲಿ

ಬೆಳಕು ಹರಿಯುವ ಮೊದಲು ಅವಳು ಮಾಡುತ್ತಿದ್ದ ಕೆಲಸಗಳನ್ನು ಮನೆಯಲ್ಲಿ ಯಾರೂ ನೋಡಿರಲಿಲ್ಲ, ನೋಡಬೇಕಾದರೆ ಎದ್ದಿರಬೇಕಿತ್ತಲ್ಲ. ಹಾಲು ಕಾಯಿಸುವುದು. ಅದು ಉಕ್ಕುವ ಮುನ್ನ ಪಕ್ಕದ ಒಲೆಯಲ್ಲಿ ಅತ್ತೆಯ ಗಂಜಿಗೆ ನೀರಿಡುವುದು, ಗಂಜಿ ಕುದಿಯುವಷ್ಟರಲ್ಲಿ ರಾತ್ರಿಯ ಪಾತ್ರೆಗಳನ್ನು ಒಂದಕ್ಕೊಂದು ತಾಗಿಸದೆ ಒರೆಸಿ ಕಪಾಟಿಗೆ ಸೇರಿಸುವುದು. ಊಟದ ಡಬ್ಬಿಗಳನ್ನು ತುಂಬುವುದು, ಮಗಳದಕ್ಕೆ ಈರುಳ್ಳಿ ಬೀಳದ ಹಾಗೆ, ಗಂಡನದಕ್ಕೆ ಈರುಳ್ಳಿ ಧಾರಾಳವಾಗಿ ಬೀಳುವ ಹಾಗೆ, ತನ್ನದಕ್ಕೆ ಉಳಿದದ್ದು. ತಂತಿಯ ಮೇಲಿನ ಬಟ್ಟೆ ತೆಗೆದು ಗಂಡನ ಕಾಲುಚೀಲಗಳಿಗೆ ಜೋಡಿ ಹುಡುಕುವುದು. ಗಂಜಿ ಕುಡಿದ ಮೇಲೆಯೇ ನುಂಗಬೇಕಾದ ಅತ್ತೆಯ ಮಾತ್ರೆಯನ್ನು ಚಿಕ್ಕ ಬಟ್ಟಲಿಗೆ ಹಾಕಿ, ಪಕ್ಕದಲ್ಲಿ ನೀರಿನ ಲೋಟ ಮುಚ್ಚಿಡುವುದು. ಅಡುಗೆಮನೆಯ ನೆಲ ಒರೆಸಿ, ಒರೆಸಿದ ಬಟ್ಟೆ ಹಿಂಡಿ ಒಣಹಾಕುವುದು. ಇಷ್ಟನ್ನೂ ನಡುಮನೆಯ ದೀಪ ಹಾಕದೆ, ಬಾಗಿಲು ಕಿರುಗುಟ್ಟದಂತೆ ತುಸು ಎತ್ತಿ ತೆರೆದು ಮಾಡುವುದು. ಈ ಕೊನೆಯದಕ್ಕೆ ಹೆಸರಿಲ್ಲ. ಬೇರೆಯವರ ನಿದ್ದೆ ಕಾಯುವುದೂ ಒಂದು ಕೆಲಸವೆಂದು ಯಾವ ಮನೆಯಲ್ಲೂ ಲೆಕ್ಕಕ್ಕೆ ಹಿಡಿದವರಿಲ್ಲ.

ಎಲ್ಲ ಮುಗಿಸಿ ಅವಳು ಒಂಬತ್ತಕ್ಕೆ ಆಸ್ಪತ್ರೆಯ ನೆಲಮಾಳಿಗೆಗೆ ಹೋಗುತ್ತಿದ್ದಳು. ಅಲ್ಲಿ ಬಟ್ಟೆ ಒಗೆಯುವ ವಿಭಾಗದಲ್ಲಿ ಅವಳು ಹೆಲ್ಪರ್. ಉದ್ದನೆಯ ಮೇಜಿನ ಈ ತುದಿಯಲ್ಲಿ ನಿಂತು, ಆ ತುದಿಯಲ್ಲಿರುವವರ ಜೊತೆ ಬೆಡ್‌ಶೀಟು ಹಿಡಿದು, ಕೊಡವಿ, ಮಡಿಸಿ ಒಟ್ಟುವುದು ಕೆಲಸ. ವರ್ಷಗಟ್ಟಲೆ ಅದನ್ನೇ ಮಾಡಿ ಅವಳಿಗೆ ಚಾದರಕ್ಕ ಎಂಬ ಹೆಸರು ಬಿದ್ದಿತ್ತು. ಮೊದಮೊದಲು ಬೇಸರವಾಗುತ್ತಿತ್ತು. ಆಮೇಲೆ ಯಾರಾದರೂ ಸ್ವಂತ ಹೆಸರು ಹಿಡಿದು ಕೂಗಿದರೆ ಅವಳೇ ಅತ್ತಿತ್ತ ನೋಡುವ ಹಾಗಾಯಿತು.

ಅವಳ ತಾಯಿ ಹಾಸಿಗೆ ಹಿಡಿದ ವರ್ಷ ಶಾಲೆ ಬಿಡಿಸಿದ್ದರು. 'ಇವಳು ನೋಡ್ಕೋತಾಳೆ' ಎಂದು ಆಗ ಮನೆಯವರೆಲ್ಲ ಹೇಳಿದ ಮಾತು ಮದುವೆಯ ಜೊತೆಗೇ ಈ ಮನೆಗೂ ಬಂತು. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಕುಡಿಯುವವನಲ್ಲ, ಬಡಿಯುವವನಲ್ಲ, ನಗುಮುಖದ ಮನುಷ್ಯ. ಯಾವುದೇ ವಿಷಯ ಬಂದರೂ ಅವನದು ಒಂದೇ ಉತ್ತರ: "ನೀನಿದ್ದೀಯಲ್ಲ." ಅದನ್ನು ಅವನು ಹೊಗಳಿಕೆಯೆಂದೇ ಹೇಳುತ್ತಿದ್ದ. ಅವಳೂ ಬಹಳ ಕಾಲ ಹಾಗೆಯೇ ಕೇಳಿಸಿಕೊಂಡಿದ್ದಳು.

ನೆಲಮಾಳಿಗೆಯಲ್ಲಿ ಒಬ್ಬೊಬ್ಬರದು ಒಂದೊಂದು ಭಾಷೆ. ಯಂತ್ರಗಳ ಗದ್ದಲದಲ್ಲಿ ಕೈಸನ್ನೆಯಲ್ಲೇ ದಿನ ಕಳೆಯುತ್ತಿತ್ತು. ಪಾಳಿ ಬದಲಾಗುವಾಗ ಮಾತ್ರ ಮಾತು ಬೇಕು. ಹೋಗುವ ಪಾಳಿಯ ಮುಖ್ಯಸ್ಥರು ಬರುವ ಪಾಳಿಯ ಮುಖ್ಯಸ್ಥರನ್ನು ಒಂದೊಂದೇ ಯಂತ್ರದ ಮುಂದೆ ನಿಲ್ಲಿಸಿ, ಇದರಲ್ಲಿ ಏನಾಗಿದೆ, ಏನಾಗುತ್ತಿದೆ, ಏನಾಗಬೇಕು, ಏನು ಕೆಡಬಹುದು ಎಂದು ಇಂಗ್ಲಿಷಿನಲ್ಲಿ ಒಪ್ಪಿಸಬೇಕು. "ಒಡಕು ಇಂಗ್ಲಿಷಾದ್ರೂ ಪರವಾಗಿಲ್ಲ, ಎಲ್ಲರದೂ ಒಂದೇ ಕಡೆ ಒಡೆದಿರ್ಲಿ" ಎನ್ನುತ್ತಿದ್ದರು ಅಲ್ಲಿನ ಮೇಲ್ವಿಚಾರಕಿ. ಅವರ ಸೀರೆಯಲ್ಲಾಗಲಿ ಮಾತಿನಲ್ಲಾಗಲಿ ಒಂದು ಸುಕ್ಕು ಕಂಡವರಿಲ್ಲವಾದ್ದರಿಂದ ಅವರು ಇಸ್ತ್ರಿ ಮೇಡಂ.

ಒಪ್ಪಿಸುವುದಕ್ಕೆ ಇನ್ನೊಂದು ಕಟ್ಟಳೆಯಿತ್ತು. ಮೊದಲ ಯಂತ್ರದ ಮುಂದೆ ಮಾತು ಶುರುವಾದ ಗಳಿಗೆಯಿಂದ ಹೋಗುವವರ ಎರಡೂ ಕೈ ಏಪ್ರನ್ನಿನ ಜೇಬಿನಲ್ಲಿರಬೇಕು. ಬಾಯಿಗೆ ಅಡ್ಡಿಯಿಲ್ಲ, ಕೈಗೆ ಅಡ್ಡಿ. ಹಿಂದೊಮ್ಮೆ ಹೋಗುವ ಪಾಳಿಯವನೊಬ್ಬ ಒಪ್ಪಿಸಿ ಮುಗಿಸಿ, ಇನ್ನೇನು ಹೊರಡುವಾಗ ಪುಣ್ಯ ಕಟ್ಟಿಕೊಳ್ಳೋಣವೆಂದು ಒಂದು ಯಂತ್ರಕ್ಕೆ ಸೋಪು ಸುರಿದು ಹೋಗಿದ್ದ. ಬಂದವನಿಗೆ ಅದು ಗೊತ್ತಿಲ್ಲ, ಅವನೂ ಸುರಿದ. ನೊರೆ ಯಂತ್ರದ ಬಾಯಿಂದ ಉಕ್ಕಿ ಮೆಟ್ಟಿಲು ಹತ್ತಿ ಮೇಲಿನ ಕಾರಿಡಾರಿಗೆ ಹೋಗಿತ್ತಂತೆ. ಜಾರಿಬಿದ್ದ ನರ್ಸಮ್ಮನ ಸೊಂಟ ಇವತ್ತಿಗೂ ಆ ದಿನವನ್ನು ನೆನೆಸುತ್ತದೆ. ಅಂದಿನಿಂದ ಈ ಜೇಬಿನ ಕಾನೂನು.

ಬೆಳಗಿನ ಪಾಳಿಯ ಮುಖ್ಯಸ್ಥೆ ಕೆಲಸ ಬಿಟ್ಟುಹೋದಾಗ ಇಸ್ತ್ರಿ ಮೇಡಂ ಮಡಿಸುವ ಮೇಜಿನ ಹತ್ತಿರ ಬಂದು ನಿಂತರು.

"ಚಾದರಕ್ಕ, ಈ ವಿಭಾಗದಲ್ಲಿ ಯಾವ ಬಟ್ಟೆ ಎಲ್ಲಿದೆ ಅಂತ ನಿಮ್ಮನ್ನೇ ಎಲ್ಲರೂ ಕೇಳೋದು. ಆ ಜಾಗಕ್ಕೆ ನೀವು ಯಾಕೆ ನಿಲ್ಲಬಾರ್ದು?"

"ಇಂಗ್ಲಿಷ್ ಬರಲ್ಲ ಮೇಡಂ."

"ಒಂದಕ್ಷರಾನೂ?"

"ಬರುತ್ತೆ. ಸ್ಟಾರ್ಟ್, ಸ್ಟಾಪ್, ಪುಶ್, ಡು ನಾಟ್ ಓಪನ್."

ಮೇಡಂ ನಕ್ಕರು. "ಎಲ್ಲಾ ಅಪ್ಪಣೆಗಳೇ. ಯಂತ್ರದ ಮೈಮೇಲೆ ಬರೆದಿರೋದಷ್ಟೇ ಕಲ್ತಿದ್ದೀರಿ. ಯಂತ್ರಕ್ಕೆ ನಿನ್ನೆ ನಾಳೆ ಇರಲ್ಲ. ಪಾಳಿಗೆ ಇರುತ್ತೆ. ಅದನ್ನ ಕಲೀರಿ. ನನ್ನ ಮುಂದೆ ಒಂದು ಪಾಳಿ ಒಪ್ಪಿಸಿ ತೋರಿಸಿದ್ರೆ ಜಾಗ ನಿಮ್ಮದು."

ಅವಳು ಮತ್ತೆ ಬೆಡ್‌ಶೀಟು ಎತ್ತಿಕೊಂಡಳು. ಆ ಬೆಡ್‌ಶೀಟನ್ನು ತಪ್ಪಾಗಿ ಮಡಿಸಿದಳು. ಆ ಜಾಗ ತನಗೆ ಬೇಕು ಎಂದು ಅವಳಿಗೆ ಗೊತ್ತಾದದ್ದು ಆ ತಪ್ಪು ಮಡಿಕೆಯನ್ನು ಬಿಡಿಸುವಾಗ.

ಗ್ರಂಥಾಲಯದ ಮಹಡಿಯಲ್ಲಿ ಸಂಜೆ ಇಂಗ್ಲಿಷ್ ತರಗತಿ ನಡೆಯುತ್ತಿತ್ತು. ಕಲಿಸುವ ಟೀಚರ್ ವಯಸ್ಸಿನಲ್ಲಿ ಅವಳಿಗಿಂತ ಬಹಳ ಚಿಕ್ಕವಳು. ಕಲಿಯುವವರಲ್ಲಿ ಒಬ್ಬ ವಾಚ್‌ಮನ್, ಒಬ್ಬ ಬೇಕರಿಯವನು, ಇನ್ನು ನಾಲ್ಕಾರು ಜನ. ಹಗಲೆಲ್ಲ ನಿಂತು ಬಂದವರಾದ್ದರಿಂದ ಎಲ್ಲರಿಗೂ ಬೆಂಚು ಸಿಕ್ಕಿದ್ದೇ ಮೊದಲ ಸುಖ.

"ಇಂಗ್ಲಿಷ್ ಕ್ರಿಯಾಪದಕ್ಕೆ ಸ್ವಂತದ್ದು ಅಂತ ಎರಡೇ ಜೊತೆ ಬಟ್ಟೆ" ಎಂದಳು ಟೀಚರ್ ಒಂದು ಸಂಜೆ. "ಒಂದು ಈಗಿನದು, ಒಂದು ಆಗಿಹೋದದ್ದು. ವಾಶ್, ವಾಶ್ಡ್. ನಾಳೆಗೆ ಅಂತ ಬೇರೆ ಹೊಲಿಸಿಲ್ಲ. ನಾಳೆ ವಿಷಯ ಬಂತು ಅಂದ್ರೆ ಪಕ್ಕದಲ್ಲಿ ಒಬ್ಬರನ್ನ ನಿಲ್ಲಿಸ್ಕೋಬೇಕು. ವಿಲ್ ವಾಶ್. ಮೇ ವಾಶ್. ಇವರಿಗೆ ಹೆಲ್ಪಿಂಗ್ ವರ್ಬ್ ಅಂತಾರೆ."

"ಓ, ಅವರೂ ಹೆಲ್ಪರ್ರೇ" ಎಂದಳು ಚಾದರಕ್ಕ. "ನಮ್ಮನೆಯವರೂ ಹಾಗೇ ಟೀಚರ್. ನಾಳೆಗೆ ಅಂತ ಬಟ್ಟೆ ಇರಲ್ಲ, ಪಕ್ಕದಲ್ಲಿ ಹೆಲ್ಪರ್ ನಿಂತಿದ್ರೇ ಉಂಟು."

ಬೇಕರಿಯವನು ಬೆಂಚು ತಟ್ಟಿ ನಕ್ಕ. ಟೀಚರ್ ಕೂಡ ಸೀಮೆಸುಣ್ಣ ಹಿಡಿದ ಕೈಯಿಂದ ಬಾಯಿ ಮುಚ್ಚಿಕೊಂಡಳು.

ನಾಳೆಯನ್ನು ಹೇಳಲು ಇಂಗ್ಲಿಷಿನವರಿಗೆ ಒಂದು ದಾರಿಯಲ್ಲ, ಹಲವು ದಾರಿ. ಈಗಿಂದೀಗ ಮನಸ್ಸು ಮಾಡಿ ಮಾತು ಕೊಟ್ಟರೆ ವಿಲ್. ಬರೀ ಊಹೆಗೂ ಅದೇ. ಮೊದಲೇ ತೀರ್ಮಾನವಾಗಿದ್ದರೆ, ಇಲ್ಲವೇ ಕಣ್ಣೆದುರು ಗುರುತು ಕಾಣುತ್ತಿದ್ದರೆ ಗೋಯಿಂಗ್ ಟು. ಇನ್ನೊಬ್ಬರ ಜೊತೆ ಗೊತ್ತುಮಾಡಿಕೊಂಡ ಕೆಲಸಕ್ಕೆ ಐ ಆಮ್ ಮೀಟಿಂಗ್ ಎಂದು ಈಗಲೇ ನಡೆಯುತ್ತಿರುವ ಹಾಗೆ ಹೇಳುವುದು. ಬಸ್ಸಿನ ವೇಳೆಯಂತೆ ಗೋಡೆಗೆ ಅಂಟಿಸಿದ್ದಾದರೆ ಬರೀ ಲೀವ್ಸ್, ಅಷ್ಟೇ. 

"ಡ್ರೈಯರಿನ ಬೆಲ್ಟ್ ಸವೆದು ಎಳೆ ಎದ್ದಿದೆ ಅಂದ್ಕೊಳ್ಳಿ. ಏನಂತೀರಿ ಅಕ್ಕ?"

"ಇಟ್ ವಿಲ್ ಬ್ರೇಕ್."

"ಅದು ದೂರದಲ್ಲಿ ಕೂತು ಹೇಳೋ ಮಾತು. ಗುರುತು ಕಣ್ಣಿಗೇ ಕಾಣ್ತಿದೆಯಲ್ಲ? ಇಟ್ ಈಸ್ ಗೋಯಿಂಗ್ ಟು ಬ್ರೇಕ್."

"ನಮ್ಮತ್ತೆ ಮಂಡಿ ನೋವು ಅಂದ್ರೆ ಸಂಜೆ ಮಳೆ ಬಂದೇ ಬರುತ್ತೆ. ಅದು ಊಹೇನೋ ಗುರುತೋ?"

"ಯಾವತ್ತಾದ್ರೂ ತಪ್ಪಿದೆಯಾ?"

"ಇಲ್ಲ."

"ಹಾಗಾದ್ರೆ ಗೋಯಿಂಗ್ ಟು."

ಕನ್ನಡದಲ್ಲಿ ಇಷ್ಟು ರಗಳೆಯಿಲ್ಲ ಎಂದು ಅವಳಿಗೆ ಮೊದಲು ಹೆಮ್ಮೆಯೇ ಆಯಿತು. ದಿನಾ ಬರ್ತೀನಿ, ನಾಳೆ ಬರ್ತೀನಿ, ಎರಡೂ ಬರ್ತೀನೇ. ಮಾತು ಕೊಟ್ಟರೂ ಬರ್ತೀನಿ, ಮಾತು ತಪ್ಪಿಸಿಕೊಳ್ಳುವಾಗಲೂ ಬರ್ತೀನಿ. ಕೇಳುವವರು ಮುಖ ನೋಡಿ ತಿಳಿದುಕೊಳ್ಳಬೇಕು. ಆದರೆ ಟೀಚರ್ ಮಸ್ಟ್, ಶುಡ್, ಹ್ಯಾವ್ ಟು, ವಾಂಟ್ ಟು ಎಂದು ಹಲಗೆಯ ಮೇಲೆ ಬೇರೆಬೇರೆ ಬರೆದ ದಿನ ಅವಳು ನಗಲಿಲ್ಲ. ಆಗಲೇಬೇಕಾದದ್ದು ಬೇರೆ, ಆದರೆ ಒಳ್ಳೆಯದು ಎಂಬುದು ಬೇರೆ, ಹೊರಗಿನಿಂದ ಯಾರೋ ಹೊರಿಸಿದ್ದು ಬೇರೆ, ತನಗೇ ಆಸೆಯಾದದ್ದು ಬೇರೆ. ನಮ್ಮಲ್ಲಿ ಎಲ್ಲದಕ್ಕೂ ಒಂದೇ 'ಬೇಕು'. ನೀರು ಬೇಕು ಎಂಬುದರಲ್ಲೂ ಅದೇ, ನೆಲ ಒರೆಸಬೇಕು ಎಂಬುದರಲ್ಲೂ ಅದೇ.

ಆ ರಾತ್ರಿ ಪಾತ್ರೆ ತೊಳೆಯುತ್ತ ಅವಳು ತನ್ನ ದಿನದ ಬೇಕುಗಳನ್ನು ನೆನೆದು ಒಂದೊಂದನ್ನೇ ಬೇರೆ ಮಾಡತೊಡಗಿದಳು, ವಾರ್ಡಿನಿಂದ ಬಂದ ಮೂಟೆ ಬಿಚ್ಚಿ ರಕ್ತದ ಬಟ್ಟೆ ಬೇರೆ, ಬರೀ ಬೆವರಿನ ಬಟ್ಟೆ ಬೇರೆ ಎಂದು ಆರಿಸುವ ಹಾಗೆ. ಅತ್ತೆಗೆ ಗಂಜಿ ಮಾಡಬೇಕು: ಇದು ಮಸ್ಟ್, ಮಾತ್ರೆ ಖಾಲಿ ಹೊಟ್ಟೆಗೆ ಬಿದ್ದರೆ ಮುದುಕಿ ದಿನವಿಡೀ ನರಳುತ್ತಾಳೆ. ಆದರೆ ನಾನೇ ಮಾಡಬೇಕು ಎನ್ನುವುದು? ಕಾಲುಚೀಲಕ್ಕೆ ಜೋಡಿ ಹುಡುಕಬೇಕು. ಇದು ಯಾವ ಗುಂಪು? ತರಗತಿಗೆ ಹೋಗಬೇಕು. ಇದೊಂದು ಮಾತ್ರ ಆಸೆಯ ಗುಂಪಿಗೆ ಹೋಯಿತು. ಅಲ್ಲಿ ಅದು ಒಂಟಿಯಾಗಿ ಕುಳಿತಿತ್ತು. ಬಾಣಲೆಯ ತಳ ಫಳಫಳ ಹೊಳೆಯುವವರೆಗೆ ಅವಳು ತಿಕ್ಕುತ್ತಲೇ ಇದ್ದಳು.

ಪರೀಕ್ಷೆಯ ದಿನ ಅವಳಿಗೆ ಎದುರಾಗಿ ನಿಂತವನು ಹಬೆಯಣ್ಣ, ಮಧ್ಯಾಹ್ನದ ಪಾಳಿಯ ಮುಖ್ಯಸ್ಥ. ಉಗಿ ಇಸ್ತ್ರಿಯ ರೋಲರಿನ ಪಕ್ಕ ಬಹುಕಾಲ ನಿಂತು ಅವನ ಕನ್ನಡಕ ಸದಾ ಮಂಜಾಗಿರುತ್ತಿತ್ತು. ಅವನ ಭಾಷೆ ಬೇರೆ, ಇವಳ ಭಾಷೆ ಬೇರೆ. ನಡುವೆ ಈ ಇಂಗ್ಲಿಷು. ಮೇಡಂ ಎರಡು ಹೆಜ್ಜೆ ಹಿಂದೆ ನಿಂತರು.

ಅವಳು ಕೈಗಳನ್ನು ಜೇಬಿಗೆ ಸೇರಿಸಿ ಶುರುಮಾಡಿದಳು. ಒಂದನೇ ಯಂತ್ರ: ಆಪರೇಶನ್ ಕೋಣೆಯ ಬಟ್ಟೆ ಒಗೆದಾಗಿದೆ, ಹ್ಯಾಸ್ ಬೀನ್ ವಾಶ್ಡ್. ಎರಡನೆಯದು: ಒಗೆಯುತ್ತಿದೆ, ಈಸ್ ಬೀಯಿಂಗ್ ವಾಶ್ಡ್. ಮೂರನೆಯದರ ಬೆಲ್ಟ್ ಇವತ್ತು ಹೋಗಬಹುದು, ಮೈಟ್. ಮಕ್ಕಳ ವಾರ್ಡಿನ ಹೊದಿಕೆ ನಾಲ್ಕರೊಳಗೆ ಮೇಲೆ ಹೋಗಲೇಬೇಕು, ಮಸ್ಟ್. ಹಬೆಯಣ್ಣ ಪ್ರತಿಯೊಂದಕ್ಕೂ ತಲೆಯಾಡಿಸಿ ಯಂತ್ರದ ಬಾಗಿಲು ಮುಟ್ಟುತ್ತ ಬಂದ. ಅವಳ ನಾಲಿಗೆ ಎಲ್ಲೂ ತಡವರಿಸಲಿಲ್ಲ. ಕೊನೆಯ ಡ್ರೈಯರಿನ ಮುಂದೆ ಕೊನೆಯ ವಾಕ್ಯ ಮುಗಿಸಿ ಉಸಿರು ಬಿಟ್ಟಳು.

ಆಗ ಹಿಂದಿನ ಡ್ರೈಯರು ಕೂಗಿಕೊಂಡಿತು. ಒಣಗಿ ಮುಗಿದಾಗ ಅದು ಹಾಗೆ ಕೂಗುತ್ತದೆ, ಬಾಗಿಲು ತೆರೆಯುವವರೆಗೂ ಬಿಡುವುದಿಲ್ಲ. ಅವಳು ಏನೂ ಯೋಚಿಸಲಿಲ್ಲ. ಯೋಚಿಸುವಷ್ಟರಲ್ಲಿ ಅವಳ ಕೈಗಳು ಜೇಬಿನಿಂದ ಹೊರಗೆ ಬಂದು, ಬಾಗಿಲು ತೆರೆದು, ಬಿಸಿ ಬೆಡ್‌ಶೀಟುಗಳನ್ನು ಎದೆಗವಚಿಕೊಂಡು ನಿಂತಿದ್ದವು.

ಹಬೆಯಣ್ಣ ಕನ್ನಡಕ ತೆಗೆದು ಒರೆಸಿಕೊಂಡ. ಮೇಡಂ ಮೆಲ್ಲಗೆ ಹೇಳಿದರು:

"ನಿಮ್ಮ ಇಂಗ್ಲಿಷ್ ಪಾಸು. ಕೈ ಫೇಲು."

"ಕೂಗ್ತಿತ್ತು ಮೇಡಂ..."

"ಕೂಗಲಿ. ಯಾರನ್ನ ಕೂಗ್ತಿತ್ತು? ಒಪ್ಪಿಸಿದ ಮೇಲೆ ಇಲ್ಲಿ ನೀವು ಇಲ್ಲ. ಅವರಿದ್ದಾರೆ. ನೀವು ಇರೋ ತನಕ ಅವರು ಕೈ ಹಾಕಲ್ಲ, ನೋಡಿದ್ರಲ್ಲ, ಕನ್ನಡಕ ಒರೆಸ್ಕೊಂಡು ನಿಂತಿದ್ರು. ಮುಂದಿನ ವಾರ ಇನ್ನೊಂದು ಸಲ ನೋಡೋಣ. ಅದೂ ಹೋದ್ರೆ ಹೊರಗಿಂದ ಯಾರನ್ನಾದ್ರೂ ತಗೋತೀನಿ."

ಬಿಸಿ ಬೆಡ್‌ಶೀಟುಗಳನ್ನು ಹಿಡಿದೇ ಅವಳು ಮಡಿಸುವ ಮೇಜಿಗೆ ನಡೆದಳು. ಎದೆ ಸುಡುತ್ತಿತ್ತು, ಬಟ್ಟೆಯಿಂದಲೋ ಅವಮಾನದಿಂದಲೋ ತಿಳಿಯಲಿಲ್ಲ. 'ನೀವು ಇಲ್ಲ' ಎಂಬ ಮಾತು ಮೊದಲು ಚುಚ್ಚಿತು. ಸಂಜೆ ಬಸ್ಸಿನಲ್ಲಿ ಕುಳಿತು ಮತ್ತೆ ಅದನ್ನೇ ನೆನೆದಾಗ, ಬಿಗಿಯಾದ ಚಪ್ಪಲಿ ಕಳಚಿದ ಹಾಗೆ ಏನೋ ಹಗುರವೆನ್ನಿಸಿತು. ನೀನಿದ್ದೀಯಲ್ಲ ಎನ್ನುವವರ ನಡುವೆ ಇಷ್ಟು ವರ್ಷ ಇದ್ದವಳಿಗೆ ನೀನಿಲ್ಲ ಎಂದವರು ಇವರೊಬ್ಬರೇ.

ಮಾರನೆಯ ದಿನದಿಂದ ಅವಳು ಮನೆಯಲ್ಲಿ ಅಭ್ಯಾಸಕ್ಕೆ ತೊಡಗಿದಳು. ಗಂಡನ ಹಳೆಯ ಸ್ವೆಟರಿಗೆ ಆಳವಾದ ಜೇಬುಗಳಿದ್ದವು. ಡಬ್ಬಿ ತುಂಬಿಯಾದ ಮೇಲೆ ಅದನ್ನು ತೊಟ್ಟು, ಕೈಗಳನ್ನು ಜೇಬಿಗಿಳಿಸಿ, ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಳು.

"ಅಮ್ಮಾ, ನನ್ನ ಟವೆಲ್?"

"ಬಾಗಿಲ ಹಿಂದೆ."

"ತಂದ್ಕೊಡು."

"ಬಾಗಿಲ ಹಿಂದೆ ಇದೆ."

ಮಗಳು ಬಚ್ಚಲಿನಿಂದ ಅರ್ಧ ತಲೆ ಹೊರಹಾಕಿ ನೋಡಿದಳು. "ಕೋಪಾನಾ?"

"ಇಲ್ಲಮ್ಮ. ಕೈ ಜೇಬಲ್ಲಿದೆ."

ಅತ್ತೆ ಗಂಜಿಯ ಬಟ್ಟಲಿನ ಮೇಲಿಂದ ಸೊಸೆಯನ್ನು ಅಡಿಯಿಂದ ಮುಡಿವರೆಗೆ ಅಳೆದರು. "ಏನೇ ಅದು, ಬೆಳಬೆಳಿಗ್ಗೆ ಚಳಿ ಹಿಡಿದ ಗುಬ್ಬಿ ತರ ನಿಂತಿದ್ದೀಯ?"

"ಪರೀಕ್ಷೆಗೆ ಓದ್ತಿದ್ದೀನಿ ಅತ್ತೆ."

"ಕೈ ಜೇಬಲ್ಲಿಟ್ಕೊಂಡು ಓದೋ ಪರೀಕ್ಷೆ ಯಾವುದಪ್ಪಾ ಅದು! ಹಾಗಾದ್ರೆ ನಿನ್ನ ಮಾವ ಇಡೀ ಜೀವಮಾನ ಅದನ್ನೇ ಓದಿದ್ರು ಬಿಡು. ಫಸ್ಟ್ ಕ್ಲಾಸಲ್ಲಿ ಪಾಸಾಗಿ ಹೋದ್ರು."

ಅವಳು ನಕ್ಕುಬಿಟ್ಟಳು. ಅತ್ತೆಯೂ ನಕ್ಕರು. ಆದರೆ ನಗು ಮುಗಿದ ಮೇಲೆ ಮುದುಕಿ ತಮ್ಮ ಖಾಲಿ ಬಟ್ಟಲನ್ನು ಒಂದು ಗಳಿಗೆ ನೋಡುತ್ತ ಕುಳಿತರು. ಆಮೇಲೆ ತಾವೇ ಎದ್ದು ತೊಳೆದಿಟ್ಟರು.

ಹೇಳುವಷ್ಟು ಸುಲಭವಿರಲಿಲ್ಲ. ಗಂಡ ಕಾಲುಚೀಲಕ್ಕಾಗಿ ಕಪಾಟಿನ ಬಟ್ಟೆಯನ್ನೆಲ್ಲ ಕೆದರುವಾಗ ಜೇಬಿನೊಳಗೆ ಅವಳ ಬೆರಳುಗಳು ಉಣ್ಣೆಯ ಎಳೆಗಳನ್ನು ಕಿತ್ತವು. ಎಡಗಡೆ ಎರಡನೇ ಅರೆ ಎಂದು ಬಾಯಲ್ಲಿ ಹೇಳಿದಳು. ಅವನು ಬಲಗಡೆ ಮೂರನೆಯದನ್ನು ಹುಡುಕಿದ. "ನೀನೇ ಬಂದು ತೆಕ್ಕೊಟ್ರೆ ಒಂದು ನಿಮಿಷ ಆಗಲ್ಲ" ಎಂದ. ನಿಜ, ಆಗುತ್ತಿರಲಿಲ್ಲ. ಅವಳ ಇಡೀ ಆಯಸ್ಸು ಇಂಥ ಒಂದೊಂದು ನಿಮಿಷ ಆಗದ ಕೆಲಸಗಳಲ್ಲೇ ಕಳೆದಿತ್ತು.

ಮುಂದಿನ ವಾರ ಮತ್ತೆ ಹಬೆಯಣ್ಣ, ಮತ್ತೆ ಮೇಡಂ. ಈ ಸಲ ಅರ್ಧದಲ್ಲೇ ಡ್ರೈಯರು ಕೂಗಿತು. ಅವಳ ಹೆಗಲು ಮುಂದಕ್ಕೆ ಬಾಗಿತು, ಮೊಣಕೈ ಅಲುಗಿತು. ಕೈ ಮಾತ್ರ ಜೇಬಿನಲ್ಲೇ ಉಳಿಯಿತು. ಯಂತ್ರ ಕೂಗಿಯೇ ಕೂಗಿತು.

"ದಿ ಡ್ರೈಯರ್ ಈಸ್ ಕಾಲಿಂಗ್" ಎಂದಳು ಅವಳು. "ಯು ಶುಡ್ ಓಪನ್."

ಹಬೆಯಣ್ಣ ಹೋಗಿ ತೆರೆದ. ಕೂಗು ನಿಂತಿತು. ಅಷ್ಟೇ. ಅವಳಿಲ್ಲದೆಯೂ ಅದು ನಿಲ್ಲುತ್ತದೆಂಬುದು ಅವಳಿಗೆ ಆಶ್ಚರ್ಯವಾಗಿ ಕಂಡಿತು.

"ಬಜಿಂಗ್ ಅಂದ್ರೆ ಸಾಕಿತ್ತು" ಎಂದರು ಮೇಡಂ. "ಕಾಲಿಂಗ್ ಅಂದ್ರೂ ನಡೆಯುತ್ತೆ. ಸೋಮವಾರ ಬೆಳಿಗ್ಗೆ ಆರಕ್ಕೆ ಬನ್ನಿ. ರಾತ್ರಿ ಪಾಳಿಯವರು ನಿಮಗಾಗಿ ಕಾಯ್ತಿರ್ತಾರೆ, ನೀವು ಬರದೆ ಅವರು ಹೊರಡೋ ಹಾಗಿಲ್ಲ. ಮೊದಲ ವಾರ ಒಂದು ದಿನ ತಡವಾದ್ರೂ ಈ ಜಾಗ ಹೋಯ್ತು, ಮಡಿಸೋ ಮೇಜು ಅಲ್ಲೇ ಇದೆ."

ಆರಕ್ಕೆ ಮುಟ್ಟಿಸುವ ಬಸ್ಸು ಒಂದೇ. ಅದು ಅವಳ ಮನೆಯೆದುರಿನ ನಿಲ್ದಾಣಕ್ಕೆ ಇನ್ನೂ ಕತ್ತಲಿರುವಾಗಲೇ ಬರುತ್ತದೆ.

ಗಂಡನಿಗೆ ನಿಜವಾಗಿಯೂ ಸಂತೋಷವಾಯಿತು. ಪಕ್ಕದ ಮನೆಯವರಿಗೆ ಕೇಳಿಸುವ ಹಾಗೆ "ನಮ್ಮನೆಯವಳು ಇನ್‌ಚಾರ್ಜ್ ಆದ್ಲು" ಎಂದ. ಊಟಕ್ಕೆ ಕುಳಿತಾಗ ಬೆಳಗಿನ ಮಾತು ಬಂತು.

"ಬೆಳಿಗ್ಗೆ ಹೇಗೆ ಮಾಡ್ತೀಯ?"

"ನಾನು ಬಸ್ ಹತ್ತಿರ್ತೀನಿ."

"ಅದು ಗೊತ್ತು. ಡಬ್ಬಿ, ಗಂಜಿ, ಎಲ್ಲಾ? ಈಗ ನಾಲ್ಕಕ್ಕೆ ಏಳ್ತೀಯ, ಅದನ್ನ ಮೂರು ಮಾಡ್ಕೊಂಡ್ರೆ ಆಯ್ತಪ್ಪ. ನೀನಿದ್ದೀಯಲ್ಲ."

"ಆ ಹೊತ್ತಲ್ಲಿ ನಾನಿಲ್ಲ."

ಅವನು ತುತ್ತು ಕೈಯಲ್ಲೇ ಹಿಡಿದ. ಅತ್ತೆ ಸಂಧಾನಕ್ಕೆ ಬಂದರು. "ಅದಕ್ಯಾಕೆ ಅಷ್ಟು ಯೋಚನೆ? ಮಗಳು ದೊಡ್ಡವಳಾಗಿದ್ದಾಳೆ. ಮಾಡ್ತಾಳೆ ಬಿಡು."

ಮಗಳು ತಟ್ಟೆಯಿಂದ ತಲೆಯೆತ್ತಿದಳು. ಆ ಮುಖವನ್ನು ಚಾದರಕ್ಕ ಎಲ್ಲೋ ನೋಡಿದ್ದಳು. ತಾಯಿ ಹಾಸಿಗೆ ಹಿಡಿದ ವರ್ಷ, ಕನ್ನಡಿಯಲ್ಲಿ.

"ಇಲ್ಲ ಅತ್ತೆ" ಎಂದಳು. "ಅವಳಿಗೆ ಅವಳ ಡಬ್ಬಿ, ಅವಳ ಟವೆಲ್. ಮಿಕ್ಕಿದ್ದು ಪಾಳಿ ಪ್ರಕಾರ. ಆ ಹೊತ್ತಲ್ಲಿ ಮನೇಲಿ ಗಟ್ಟಿಮುಟ್ಟಾಗಿರೋ ದೊಡ್ಡವರು ಯಾರು?"

ಮೂವರೂ ಹೆಂಗಸರು ಅವನನ್ನು ನೋಡಿದರು. ಅವನು ತಿರುಗಿ ತನ್ನ ಹಿಂದೆ ಯಾರಾದರೂ ನಿಂತಿದ್ದಾರೆಯೇ ಎಂದು ನೋಡಿದ.

"ಲೇ, ನಂಗೆ ಚಹಾ ಬಿಟ್ರೆ ಏನು ಬರುತ್ತೆ?"

"ಬಸ್ಸಿನ ಇಂಜಿನ್ ಬಿಚ್ಚಿ ಕೂಡಿಸ್ತೀರಿ. ಗಂಜಿಗೆ ಅಷ್ಟು ನಟ್ಟು ಬೋಲ್ಟು ಇರಲ್ಲ."

ಮಗಳಿಗೆ ನಗು ತಡೆಯಲಾಗಲಿಲ್ಲ, ನೀರು ನೆತ್ತಿಗೇರಿತು. ಅತ್ತೆ ಮೊಮ್ಮಗಳ ತಲೆ ತಟ್ಟುತ್ತ, "ನನ್ನ ಹೊಟ್ಟೆ ಗತಿ ದೇವ್ರೇ ಬಲ್ಲ" ಎಂದರು.

ಭಾನುವಾರ ಸಂಜೆ ಅವಳು ಸ್ವೆಟರು ತೊಟ್ಟು, ಕೈ ಜೇಬಿಗಿಳಿಸಿ, ಗಂಡನನ್ನು ಅಡುಗೆಮನೆಗೆ ಕರೆದಳು. ಒಂದೊಂದರ ಮುಂದೆಯೂ ನಿಲ್ಲಿಸಿ ಒಪ್ಪಿಸಿದಳು. ಪಾತ್ರೆ ತೊಳೆದಾಗಿದೆ. ಬಟ್ಟೆ ತಂತಿಯ ಮೇಲೆ ಒಣಗ್ತಾ ಇದೆ, ರಾತ್ರಿ ತೆಗೀಬೇಕು. ತರಕಾರಿ ಹೆಚ್ಚಿಟ್ಟಿದೆ, ಬೇಯಿಸಿಲ್ಲ. ಗ್ಯಾಸು ಮುಗೀಬಹುದು, ಮುಗಿಯುತ್ತೆ ಅಂತಿಲ್ಲ, ಮುಗೀಬಹುದು, ಇನ್ನೊಂದು ಸಿಲಿಂಡರು ಅಲ್ಲಿದೆ. ನೆಲ ಒರೆಸಿದ್ರೆ ಒಳ್ಳೇದು, ಒರೆಸದಿದ್ರೆ ಯಾರೂ ಸಾಯಲ್ಲ. ಗಂಜಿ ಮಾತ್ರ ಏಳರೊಳಗೆ ಆಗಲೇಬೇಕು, ಆಮೇಲೇ ಮಾತ್ರೆ.

ಅವನು ಡಬ್ಬ ತೆರೆದು ನೋಡಿದ, ಸಿಲಿಂಡರು ಅಲುಗಾಡಿಸಿದ, ಗಂಜಿಯ ಪಾತ್ರೆ ಎತ್ತಿ ತೂಗಿದ. "ಇದಕ್ಕೆ ಎಷ್ಟು ನೀರು?"

"ಆ ಗೀಟಿನ ತನಕ."

"ಗೀಟು ಯಾರು ಹಾಕಿದ್ದು?"

"ದಿನಾ ಕುದ್ದು ಕುದ್ದು ಅದೇ ಬಿದ್ದಿದೆ."

ಅವನು ಗೀಟಿನ ಮೇಲೆ ಹೆಬ್ಬೆರಳು ಆಡಿಸಿದ, ಹೊಸ ಬಿಡಿಭಾಗ ನೋಡುವವನಂತೆ. "ಸರಿ. ಅಲಾರಾಂ ಇಡ್ತೀನಿ. ಮಾಡ್ತೀನಿ ಬಿಡು."

ಮಾಡ್ತೀನಿ. ಅವಳು ಅವನ ಮುಖ ನೋಡಿದಳು. ಅದು ಕೊಟ್ಟ ಮಾತೋ, ತಪ್ಪಿಸಿಕೊಳ್ಳುವ ಮಾತೋ, ಮಂಡಿ ನೋವಿನಂಥ ಗುರುತೇನಾದರೂ ಅದರಲ್ಲಿತ್ತೋ, ಮುಖ ಏನನ್ನೂ ಬಿಟ್ಟುಕೊಡಲಿಲ್ಲ. ಬಹುಶಃ ಅವನಿಗೂ ಗೊತ್ತಿರಲಿಲ್ಲ.

ಸೋಮವಾರ ಅವಳು ತನ್ನ ಸಮಯಕ್ಕೇ ಎದ್ದಳು. ಮೈ ತೊಳೆದು, ತಲೆ ಬಾಚಿ, ಒಂದು ಲೋಟ ಚಹಾ ಮಾಡಿಕೊಂಡಳು. ಒಂದೇ ಲೋಟ. ಇಷ್ಟು ಚಿಕ್ಕ ಪಾತ್ರೆ ಮನೆಯಲ್ಲಿದೆಯೆಂದೇ ಮರೆತಿದ್ದಳು. ಕುಳಿತು ಕುಡಿದಳು. ಊಟದ ಡಬ್ಬಿಗಳು ಬಾಯಿ ತೆರೆದುಕೊಂಡು ಸಾಲಾಗಿ ನಿಂತಿದ್ದವು. ಒಲೆಯ ಮೇಲೆ ಗಂಜಿಯ ಪಾತ್ರೆ, ಗೀಟಿನ ತನಕ ನೀರು. ಅಷ್ಟನ್ನು ರಾತ್ರಿಯೇ ಅವನು ತುಂಬಿಟ್ಟಿದ್ದ.

ಕೋಟು ಹಾಕಿಕೊಳ್ಳುವಾಗ ಒಳಕೋಣೆಯಲ್ಲಿ ಅಲಾರಾಂ ಹೊಡೆಯಿತು. ಹೊಡೆಯುತ್ತಲೇ ಇತ್ತು. ಆಮೇಲೆ ನಿಂತಿತು. ಹಾಸಿಗೆ ಕಿರುಗುಟ್ಟಿತು, ಹೆಜ್ಜೆಯ ಸದ್ದಿಗಾಗಿ ಅವಳು ಕಾದಳು. ಬರಲಿಲ್ಲ. ಉಸಿರು ಮತ್ತೆ ಉದ್ದವಾಗುತ್ತಿರುವುದು ಬಾಗಿಲಿನಾಚೆಯಿಂದಲೇ ತಿಳಿಯುತ್ತಿತ್ತು. ಈ ಮನೆಯ ನಿದ್ದೆಗಳೆಲ್ಲ ಅವಳಿಗೆ ಪರಿಚಿತ.

"ರೀ, ಅಲಾರಾಂ ಹೊಡೀತು" ಎಂದಳು. ಬಾಯಿಗೆ ಅಡ್ಡಿಯಿಲ್ಲ.

"ಹ್ಞೂಂ... ಏಳ್ತೀನಿ."

ಅತ್ತೆಯ ಕೋಣೆಯಿಂದ ಒಣಕೆಮ್ಮು ಕೇಳಿತು. ಗಂಜಿಗೆ ಮುಂಚೆ ಮಾತ್ರೆ ಮುಟ್ಟಬೇಡಿ ಎಂದು ರಾತ್ರಿಯೇ ಹೇಳಿದ್ದಳು. ಮುಟ್ಟುವುದಿಲ್ಲ ಎಂದು ಮುದುಕಿ ಮಾತು ಕೊಟ್ಟಿದ್ದರು. ಆದರೂ ಹಸಿವು ಮಾತು ಕೇಳುತ್ತದೆಯೇ. ಒಲೆ ಹಚ್ಚುವುದು ಎಷ್ಟರ ಕೆಲಸ? ಹಚ್ಚಿ, ಉರಿ ಸಣ್ಣ ಮಾಡಿ ಹೋದರೆ ಅರ್ಧ ಕೆಲಸ ಮುಗಿದ ಹಾಗೆ. ಒಂದು ನಿಮಿಷ ಆಗಲ್ಲ.

ನೋಡಿದರೆ ಬಲಗೈ ಆಗಲೇ ಒಲೆಯ ತಿರುಪಿನ ಮೇಲಿತ್ತು. ಯಾವಾಗ ಜೇಬಿನಿಂದ ಹೊರಬಂತೋ ಅವಳಿಗೇ ತಿಳಿದಿರಲಿಲ್ಲ. ತಿರುಪಿನ ತಣ್ಣನೆಯ ಅಂಚು ಬೆರಳಿಗೆ ಎಷ್ಟು ಸರಿಯಾಗಿ ಕುಳಿತಿತ್ತೆಂದರೆ, ಅದು ಒಲೆಯದೋ ಕೈಯದೋ ಹೇಳುವುದು ಕಷ್ಟ. ಅವಳು ಆ ಕೈಯನ್ನು ಸ್ವಲ್ಪ ಹೊತ್ತು ನೋಡಿದಳು. ಕೋಪವೇನೂ ಬರಲಿಲ್ಲ. ತನ್ನನ್ನು ಇಷ್ಟು ವರ್ಷ ಸಾಕಿದ ಕೈ. ಒಂದೊಂದೇ ಬೆರಳನ್ನು ಬಿಡಿಸಿ, ಅದನ್ನು ಮತ್ತೆ ಕೋಟಿನ ಜೇಬಿಗೆ ಇಳಿಸಿದಳು.

ಬಾಗಿಲನ್ನು ಎತ್ತಿ ತೆರೆಯಲಿಲ್ಲ. ಅದು ತನ್ನ ಪಾಡಿಗೆ ಜೋರಾಗಿ ಕಿರುಗುಟ್ಟಿತು.

ನಿಲ್ದಾಣ ರಸ್ತೆಯ ಆಚೆ ಬದಿಗೆ. ಅಲ್ಲಿಂದ ಅಡುಗೆಮನೆಯ ಕಿಟಕಿ ನೇರವಾಗಿ ಕಾಣುತ್ತದೆ. ಅದು ಹೊರಗಿನಿಂದ ಹೇಗಿರುತ್ತದೆಂದು ಈ ಹೊತ್ತಿನಲ್ಲಿ ಅವಳು ಯಾವತ್ತೂ ನೋಡಿರಲಿಲ್ಲ. ಈ ಹೊತ್ತಿನಲ್ಲಿ ಅವಳು ಯಾವಾಗಲೂ ಅದರ ಒಳಗಿದ್ದಳು. ಈಗ ಅದು ಕಪ್ಪಾಗಿತ್ತು. ಅವಳು ಕಣ್ಣು ಕೀಳದೆ ನೋಡುತ್ತ ನಿಂತಳು. ಬೀದಿಯ ಕೊನೆಯಲ್ಲಿ ಬಸ್ಸಿನ ಎರಡು ದೀಪಗಳು ತಿರುಗಿದವು. ಕಿಟಕಿ ಕಪ್ಪಾಗಿಯೇ ಇತ್ತು. ರಸ್ತೆ ದಾಟಿ ಹೋಗಿ ಬರುವಷ್ಟು ಸಮಯವಿರಲಿಲ್ಲ. ಬಸ್ಸು ತಪ್ಪಿದರೆ ಆ ಜಾಗವೂ ಹೋದ ಹಾಗೇ.

ಬಸ್ಸು ಬಂದು ನಿಂತು ಬಾಗಿಲು ತೆರೆಯಿತು. ಕಿಟಕಿಯಲ್ಲಿ ಇನ್ನೂ ಬೆಳಕಿರಲಿಲ್ಲ. ಅವಳು ಹತ್ತಿದಳು. ಕಂಬಿ ಹಿಡಿದುಕೊಳ್ಳಲು ಮಾತ್ರ ಒಂದು ಕೈಯನ್ನು ಹೊರಗೆ ತೆಗೆದಳು.